ದೀಪದವಳು ಹಡಗು ಹತ್ತಬೇಕಿತ್ತೇ?

ಹೆಣ್ಣು ಹೆತ್ತವರಿಗೆ ಒಂದು ಅಭ್ಯಾಸವಿರುತ್ತದೆ. ಸಂಬಂಧ ಕುದುರುವುದಕ್ಕೆ ಮೊದಲೇ ಅದು ಯಾವ ಯಾವ ಕಾರಣಕ್ಕೆ ಮುರಿದುಬೀಳಬಹುದು ಎಂದು ಯೋಚಿಸಿ ಇಟ್ಟುಕೊಳ್ಳುವುದು. ವಾಶಿಯ ವಿಮಾ ಕಚೇರಿಯೊಂದರಲ್ಲಿ ಇಷ್ಟು ವರ್ಷ ಕೆಲಸ ಮಾಡಿರುವ ನನಗಂತೂ ಆಗದೇ ಇರುವ ಅನಾಹುತಗಳನ್ನು ಕುಳಿತಲ್ಲೇ ಕಲ್ಪಿಸಿಕೊಳ್ಳುವುದರಲ್ಲಿ ಒಳ್ಳೆಯ ತರಬೇತಿಯಾಗಿದೆ. ಮಗಳು ಅದಿತಿಗೆ ಡೊಂಬಿವಲಿಯ ಸಮೀರ ಎಂಬ ಹುಡುಗ ಒಪ್ಪಿಗೆಯಾದಾಗ ನಾನು ಎಲ್ಲಕ್ಕೂ ಸಿದ್ಧಳಾಗಿದ್ದೆ. ಜಾತಕ ಕೂಡದೆ ಹೋಗಬಹುದು. ನಮ್ಮ ಮೈಸೂರಿನ ಸಾರು ಅವರ ನಾಲಿಗೆಗೆ ಪಾಯಸದಂತಿರಬಹುದು, ಅವರ ವಿಜಯಪುರದ ಖಾರಕ್ಕೆ ನಾವು ಊಟದ ನಡುವೆ ಎದ್ದು ಓಡಬೇಕಾಗಬಹುದು. ನಮ್ಮ ನೆರೂಳದ ಅಗಲ ರಸ್ತೆಗಳಲ್ಲಿ ಬೆಳೆದವಳು ಡೊಂಬಿವಲಿಯ ಸ್ಟೇಷನ್ ರೋಡಿನಲ್ಲಿ ಆಟೋ, ಎಮ್ಮೆ, ತರಕಾರಿ ಗಾಡಿ ಮತ್ತು ಅತ್ತೆಮನೆಯನ್ನು ಒಟ್ಟಿಗೆ ನೋಡಿ ಹಿಂದೆ ಸರಿಯಬಹುದು. ಇವೆಲ್ಲಕ್ಕೂ ನನ್ನ ಬಳಿ ಸಮಾಧಾನದ ಮಾತುಗಳಿದ್ದವು. ಇನ್ನೊಂದು ಗ್ರಹದಲ್ಲಿರುವ ಸಮುದ್ರವೊಂದು ನಮ್ಮ ಮನೆಯ ಮದುವೆಗೆ ಅಡ್ಡ ಬರುತ್ತದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಹುಡುಗ, ಹುಡುಗಿ ಮೊದಲು ಕೆಲವು ಸಲ ಸೀವುಡ್ಸ್ ಸ್ಟೇಷನ್ನಿನ ಮೇಲಿರುವ ಮಾಲ್‌ನಲ್ಲಿ ಕಾಫಿ ಕುಡಿದರು. ಪ್ರತಿ ಸಲವೂ ಮಗಳು ಮನೆಗೆ ಬರುವುದು ಸ್ವಲ್ಪ ತಡವಾಗುತ್ತ ಹೋಯಿತು. ನಾನು ಗಡಿಯಾರ ನೋಡಿ ಮುಖ ಗಂಟಿಕ್ಕಿಕೊಂಡು, ಒಳಗೆ ಹೋಗಿ ಸಂತೋಷಪಡುತ್ತಿದ್ದೆ. ಆಮೇಲೆ ಒಂದು ಶನಿವಾರ ಇಬ್ಬರೂ ಸೇರಿ ಸಿನಿಮಾಕ್ಕೆ ಹೋದರು. ಅಂದು ಮಾತ್ರ ಮಗಳು ಬೇಗ ಬಂದಳು. ಚಪ್ಪಲಿ ಬಿಟ್ಟ ರೀತಿಯಲ್ಲೇ ನನಗೆ ಅರ್ಧ ಅರ್ಥವಾಯಿತು.

ನಮ್ಮ ಅದಿತಿ ಹುಟ್ಟಿದ್ದು, ಬೆಳೆದಿದ್ದು ಎಲ್ಲ ಇಲ್ಲೇ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಮರಾಠಿ, ಏನಾದರೂ ಬೇಕಾಗಿದ್ದರೆ ಕನ್ನಡ. ಅಂದು ಅವಳು ಸೋಫಾದಲ್ಲಿ ಕುಳಿತು, "ನಹೀ ಹೋಗಾ, ಅಮ್ಮಾ" ಎಂದಳು, ಈ ಸಂಬಂಧ ಆಗುವುದಿಲ್ಲವಂತೆ. ನಾನು ಮೆಲ್ಲಗೆ ವಿಚಾರಿಸಿದೆ. ಕುಡಿಯುತ್ತಾನೆಯೇ? ಇಲ್ಲ. ಬೇರೆ ಹುಡುಗಿ? ಅದೂ ಅಲ್ಲ. ಕೆಟ್ಟದಾಗಿ ಮಾತಾಡಿದನೇ? ಛೆ. ಹಾಗಾದರೆ ಏನು ಎಂದು ಕೇಳಿದರೆ, ಬಹಳ ನೊಂದವಳಂತೆ ಹೇಳಿದಳು: "ಅವನಿಗೆ ಮೂವೀ ಇಷ್ಟ ಆಯ್ತು."

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮವರು ಅದನ್ನು ಕೆಳಗಿಳಿಸಿ ನನ್ನ ಮುಖ ನೋಡಿದರು. ಮತ್ತೆ ಪೇಪರನ್ನು ಮೇಲೆತ್ತಿಕೊಂಡರು. ನಮ್ಮವರ ವಿಷಯ ಸ್ವಲ್ಪ ಹೇಳಬೇಕು. ಅವರು ಜಗಳಗಳಲ್ಲಿ ಯಾವ ಪಕ್ಷಕ್ಕೂ ಸೇರುವವರಲ್ಲ. ನಮ್ಮ ಮದುವೆಯಲ್ಲೂ ಅವರು ಒಬ್ಬ ಅತಿಥಿಯಂತೆ ಇದ್ದರೆಂದು ನನ್ನ ಅಕ್ಕ ಇಂದಿಗೂ ಹೇಳುತ್ತಾಳೆ.

ವಿಷಯ ಪೂರ್ತಿ ತಿಳಿಯಲು ಎರಡು ದಿನ ಹಿಡಿಯಿತು. ನಾನು ಹುಟ್ಟುವುದಕ್ಕೂ ಮೊದಲು ಬರೆದ ಒಂದು ಇಂಗ್ಲಿಷ್ ಕಾದಂಬರಿಯಂತೆ. ದೂರದ ಯಾವುದೋ ಗ್ರಹ. ಅಲ್ಲಿ ಸಮುದ್ರ ಹಲವು ವರ್ಷ ಹಿಂದೆ ಸರಿದು ಹೋಗಿ, ಆಮೇಲೆ ಒಮ್ಮೆಗೇ ಮರಳಿ ಬಂದು ಎಲ್ಲವನ್ನೂ ಮುಳುಗಿಸುತ್ತದೆ. ದಡದ ಗುಡ್ಡದ ಮೇಲೆ ದೀಪ ನೋಡಿಕೊಳ್ಳುವ ಒಬ್ಬ ಹೆಂಗಸು, ಅವಳಿಗೊಬ್ಬಳು ಮಗಳು. ಬತ್ತಿದ ಕಡಲಿನ ಆಳದಲ್ಲಿ ಮಾತಾಡುವ ಒಂದು ಜೀವಿ. ಕೊನೆಗೆ ನೀರು ಬರುವ ಹೊತ್ತಿಗೆ ಆಕಾಶದಿಂದ ಹಡಗು ಬಂದು ಎಲ್ಲರನ್ನೂ ಹತ್ತಿಸಿಕೊಳ್ಳುತ್ತದೆ. ಆದರೆ ದೀಪ ಉರಿಯದಿದ್ದರೆ ಹಡಗಿಗೆ ಗುಡ್ಡಗಳ ನಡುವಿನ ದಾರಿ ಕಾಣುವುದಿಲ್ಲ. ಆದ್ದರಿಂದ ತಾಯಿ ದೀಪ ಹಿಡಿದು ಅಲ್ಲೇ ಉಳಿಯುತ್ತಾಳೆ. ಹಡಗಿನ ಕಿಟಕಿಯಿಂದ ಮಗಳಿಗೆ ಆ ಬೆಳಕು ಚಿಕ್ಕದಾಗುತ್ತ ಹೋಗುವುದು ಕಾಣುತ್ತದೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ.

ಇದನ್ನು ಬಹಳ ಹಿಂದೆ ಒಂದು ಟಿವಿ ಧಾರಾವಾಹಿ ಮಾಡಿದ್ದರು. ಅದರಲ್ಲಿ ಕಥೆ ಇದ್ದದ್ದು ಇದ್ದ ಹಾಗೆ. ಈಗ ದೊಡ್ಡ ಸಿನಿಮಾ ಮಾಡಿದ್ದಾರೆ. ಅದರಲ್ಲಿ ಹೊರಟ ಹಡಗು ತಿರುಗಿ ಬಂದು ತಾಯಿಯನ್ನೂ ಹತ್ತಿಸಿಕೊಂಡು ಹೋಗುತ್ತದೆ. ಆ ದೃಶ್ಯದಲ್ಲಿ ಸಮೀರ ಅತ್ತನಂತೆ. ಅದಿತಿ ನಕ್ಕಳಂತೆ. ಹೊರಗೆ ಬಂದಮೇಲೆ, ಕಥೆಯನ್ನೇ ಕೆಡಿಸಿದ್ದಾರೆ ಎಂದು ಇವಳು. ಇಲ್ಲ, ಕಥೆ ಇರುವುದೇ ಹಾಗೆ, ನನಗೆ ಚಿಕ್ಕಂದಿನಿಂದ ಗೊತ್ತು ಎಂದು ಅವನು. ನೀನು ಪುಸ್ತಕ ಓದೇ ಇಲ್ಲ, ಸುಮ್ಮನೆ ಓದಿದವನ ಹಾಗೆ ಮಾತಾಡುತ್ತೀಯ ಎಂದು ಇವಳು. ಅಲ್ಲಿಗೆ ಹುಡುಗ ಮಾತು ನಿಲ್ಲಿಸಿ, ಇವಳಿಗೊಂದು ಆಟೋ ಮಾಡಿಕೊಟ್ಟು, ತಾನು ರೈಲು ಹಿಡಿದು ಹೋದನಂತೆ.

ಮರುದಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಗೆಳತಿ ಶೋಭಾಳಿಗೆ ಇದನ್ನೆಲ್ಲ ಹೇಳಿದೆ. ಮಂಗಳೂರಿನವಳು, ವ್ಯವಹಾರಸ್ಥೆ. ಅವಳು ಎಲ್ಲ ಕೇಳಿಸಿಕೊಂಡು, "ಎಂತ ಮಾರಾಯ್ತಿ, ಪಿಕ್ಚರಿಗೆ ಯಾರಾದರೂ ಸಂಬಂಧ ಬಿಡ್ತಾರಾ" ಎಂದಳು. ನಂತರ ಕಿಟಕಿಯಾಚೆ ನೋಡುತ್ತ, ತನ್ನ ಗಂಡನಿಗೆ ಯಾವ ಸಿನಿಮಾ ಇಷ್ಟವೆಂದು ಮದುವೆಗೆ ಮುಂಚೆ ಕೇಳಿಕೊಂಡಿದ್ದರೆ ತಾನೂ ಬಿಡುತ್ತಿದ್ದೆನೇನೋ ಎಂದೂ ಸೇರಿಸಿದಳು.

ಆ ವಾರದಲ್ಲೇ ಹುಡುಗನ ತಂದೆ ಫೋನ್ ಮಾಡಿದರು. ಶ್ರೀಪಾದರಾಯರು ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿವೆ, ಮನೆಯಲ್ಲಿ ತಂದೆ ಮಗ ಇಬ್ಬರೇ. ಮಕ್ಕಳು ಹೀಗೆ ಮುಖ ತಿರುಗಿಸಿಕೊಂಡು ಕುಳಿತರೆ ದೊಡ್ಡವರಾದ ನಾವು ಕೂತು ಮಾತಾಡಬೇಕಲ್ಲವೇ, ರವಿವಾರ ಚಹಾಕ್ಕೆ ಬನ್ನಿ ಎಂದರು. ನಾನು ಖಂಡಿತ ಎಂದೆ. ಹೇಳಿದ ಮೇಲೆ ಒಂದು ಯೋಚನೆ ಹತ್ತಿತು. ಯಾವ ವಿಷಯದ ಜಗಳ ಬಿಡಿಸಲು ಹೋಗುತ್ತಿದ್ದೇನೋ ಆ ವಿಷಯವೇ ಗೊತ್ತಿಲ್ಲದೆ ಹೋಗುವುದು ಹೇಗೆ? ಕಚೇರಿಯಲ್ಲಿ ಕ್ಲೇಮು ಬಂದರೆ ಕಾಗದ ನೋಡದೆ ನಾನು ಮಾತಾಡಿದವಳಲ್ಲ.

ಹೀಗೆ ನನ್ನ ಅಧ್ಯಯನ ಶುರುವಾಯಿತು. ಮಗಳ ಕಪಾಟಿನಿಂದ ಪುಸ್ತಕ ತೆಗೆದೆ. ಮೊದಲ ಅಧ್ಯಾಯದಲ್ಲಿ ಬಂದ ಹೆಸರುಗಳನ್ನು ಬಾಯಲ್ಲಿ ಹೇಳಿಕೊಳ್ಳಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಎರಡನೆಯ ಅಧ್ಯಾಯದಲ್ಲಿ ಎಲ್ಲರನ್ನೂ ನನ್ನ ಅನುಕೂಲಕ್ಕೆ ದೀಪದವಳು, ಮಗಳು, ಆಳದವನು ಎಂದು ಕರೆಯತೊಡಗಿದೆ. ಆಮೇಲೆ ಓದು ಸರಾಗವಾಯಿತು. ಆಳದ ಜೀವಿಯನ್ನು ಲೇಖಕ ಎಲ್ಲೂ ತೋರಿಸುವುದಿಲ್ಲ, ಅದರ ಮಾತಷ್ಟೇ ಕೇಳುತ್ತದೆ. ನಮ್ಮ ಫ್ಲಾಟುಗಳ ಸೊಸೈಟಿಯ ಸೆಕ್ರೆಟರಿಯೂ ಹೀಗೆಯೇ, ಆತನನ್ನು ನಾವು ನೋಡಿದ್ದು ಕಡಿಮೆ, ಸೂಚನೆಗಳು ಮಾತ್ರ ಬರುತ್ತಿರುತ್ತವೆ. ಕೊನೆಯ ಪುಟ ಓದುವಾಗ ಕುಕ್ಕರ್ ಎಷ್ಟು ಸಲ ಕೂಗಿತೋ ನನಗೆ ಗೊತ್ತಿಲ್ಲ. ಅಂದಿನ ಬೇಳೆ ಕಡೆಯುವ ಅಗತ್ಯವೇ ಇಲ್ಲದೆ ಸಾರಾಯಿತು.

ನಂತರ ನಮ್ಮವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಗಳ ಲ್ಯಾಪ್‌ಟಾಪಿನಲ್ಲಿ ಹಳೆಯ ಧಾರಾವಾಹಿ ನೋಡಿದೆ. ಪಾಪ, ದುಡ್ಡಿಲ್ಲದವರು ಮಾಡಿದ್ದು. ಸಮುದ್ರವೆಂದರೆ ಒಂದು ದೊಡ್ಡ ನೀಲಿ ಬಟ್ಟೆ, ಅದನ್ನು ಎರಡು ಕಡೆಯಿಂದ ಯಾರೋ ಅಲ್ಲಾಡಿಸುತ್ತಾರೆ. ಒಂದು ಕಡೆ ಬಟ್ಟೆಯ ಕೆಳಗಿನಿಂದ ಮನುಷ್ಯನ ಕಾಲೂ ಕಂಡಿತು. ಆದರೆ ದೀಪದವಳ ಪಾತ್ರ ಮಾಡಿದಾಕೆ ಎಂಥ ನಟಿ ಎಂದರೆ, ಆ ಬಟ್ಟೆ ಉಬ್ಬಿ ಬರುವಾಗ ಆಕೆಯ ಮುಖ ನೋಡಿ ನನಗೆ ನೀರಿನ ವಾಸನೆ ಬಂತು. ಆಮೇಲೆ ನಮ್ಮವರನ್ನು ಕರೆದುಕೊಂಡು ಹೊಸ ಸಿನಿಮಾ ನೋಡಿಬಂದೆ. ಅದರಲ್ಲಿ ಸಮುದ್ರ ನಿಜವಾದ ಸಮುದ್ರದ ಹಾಗೆಯೇ ಇತ್ತು. ಆದರೆ ಆಳದ ಜೀವಿಯನ್ನು ತೋರಿಸಿಬಿಟ್ಟಿದ್ದರು. ಎಷ್ಟೋ ಕೋಟಿ ಸುರಿದು ಮಾಡಿದ ಅದು ನೋಡಲು ನಮ್ಮ ಮಾರುಕಟ್ಟೆಯ ಹಲಸಿನಹಣ್ಣಿಗೆ ಕಣ್ಣು ಬಂದಂತೆ ಇತ್ತು. ಕೊನೆಯಲ್ಲಿ ಹಡಗು ತಿರುಗಿ ಬಂದಾಗ ಥಿಯೇಟರಿನಲ್ಲಿ ಎಲ್ಲರೂ ಮೂಗೊರೆಸಿಕೊಳ್ಳುತ್ತಿದ್ದರೆ ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ನಮ್ಮವರ ಅಭಿಪ್ರಾಯ ಕೇಳಿದೆ. ಧಾರಾವಾಹಿಗಿಂತ ಸಿನಿಮಾ ವಾಸಿ, ಇದರಲ್ಲಿ ಮಧ್ಯಂತರ ಇತ್ತು ಎಂದರು.

ಜಗಳ ಬಿಡಿಸಲು ಹೊರಟವಳು ಈಗ ಜಗಳದ ಒಂದು ಪಕ್ಷವಾಗಿದ್ದೆ. ಅದಿತಿಗೆ ಸಿನಿಮಾದ ಮೇಲಿದ್ದ ಸಿಟ್ಟು ಅಷ್ಟರಲ್ಲಿ ಅರ್ಧ ಇಳಿದಿತ್ತು. ನನ್ನದು ಏರುತ್ತಿತ್ತು. ರವಿವಾರ ಡೊಂಬಿವಲಿಗೆ ಹೊರಟಾಗ ಕೈಚೀಲದಲ್ಲಿ ಮೈಸೂರು ಪಾಕಿನ ಡಬ್ಬಿ, ಅದರ ಕೆಳಗೆ ಆ ಪುಸ್ತಕ. ಕೊನೆಯ ಪುಟಕ್ಕೆ ಬಸ್ ಟಿಕೆಟೊಂದನ್ನು ಗುರುತಾಗಿ ಸಿಕ್ಕಿಸಿದ್ದೆ. ಠಾಣೆಯಲ್ಲಿ ರೈಲು ಬದಲಾಯಿಸುವಾಗ ಹಳಿ ದುರಸ್ತಿಗೆಂದು ರವಿವಾರ ರೈಲು ಕಡಿತ ಮಾಡುವ ಮೆಗಾಬ್ಲಾಕಿನ ಗದ್ದಲದಲ್ಲಿ ನಮ್ಮವರು ಡಬ್ಬಿಯನ್ನು ಕಾಪಾಡಿದರು, ನಾನು ಪುಸ್ತಕವನ್ನು.

ಶ್ರೀಪಾದರಾಯರ ಮನೆ ಸ್ಟೇಷನ್ನಿಂದ ಸ್ವಲ್ಪ ಒಳಗೆ, ಹಳೆಯ ಕಟ್ಟಡದ ಎರಡನೆಯ ಮಹಡಿ. ತೆಳ್ಳಗಿನ ಎತ್ತರದ ಮನುಷ್ಯ, ಬಿಳಿ ಪೈಜಾಮ, ಮಾತಿಗೆ ಮೊದಲು ನಗು. "ಬರ್ರಿ, ಬರ್ರಿ ವೈನಿ, ಕೂಡ್ರಿ ರಾಯರ" ಎಂದು ನನ್ನನ್ನು ಅತ್ತಿಗೆ ಮಾಡಿಕೊಂಡು ಕೂಡಿಸಿ, ತಾವೇ ಹಚ್ಚಿದ ಅವಲಕ್ಕಿ ತಂದಿಟ್ಟರು. ಮಗನನ್ನು ಬೇಕೆಂದೇ ಪಕ್ಕದ ಊರು ಕಲ್ಯಾಣಕ್ಕೆ ಯಾವುದೋ ಕೆಲಸ ಹೇಳಿ ಕಳಿಸಿದ್ದರು. ಜಾತಕದ ಮಾತು, ಊರಿನ ಮಾತು, ಡೊಂಬಿವಲಿಯ ನೀರಿನ ಮಾತು ಎಲ್ಲ ಮುಗಿದು ಚಹಾ ಬಂತು. ಆಗ ಅವರೇ ವಿಷಯಕ್ಕೆ ಬಂದರು. ಹುಡುಗರಿಗೆ ಬುದ್ಧಿ ಹೇಳೋಣ, ಒಂದು ಸಿನಿಮಾದ ಸಲುವಾಗಿ ಹೀಗೆ ಮಾಡಬಾರದು ಎಂದರು. ನಾನು ಹೌದೆಂದು ತಲೆಯಾಡಿಸಿ, ಅಲ್ಲಿಗೇ ಬಿಟ್ಟಿದ್ದರೆ ಮನೆಗೆ ಬೇಗ ಹೋಗಬಹುದಿತ್ತು. ಬಾಯಿ ಸುಮ್ಮನಿರಲಿಲ್ಲ. ಸಿನಿಮಾದವರು ಹಾಗೆ ಕೊನೆ ಬದಲಾಯಿಸಿದ್ದು ಮಾತ್ರ ದೊಡ್ಡ ತಪ್ಪು ಅಲ್ಲವೇ ಎಂದೆ.

ಅವರು ಚಹಾದ ಬಟ್ಟಲನ್ನು ಕೆಳಗಿಟ್ಟರು. ಸಿನಿಮಾ ತಾವು ನೋಡಿಲ್ಲ, ಆದರೆ ದೀಪದಾಕಿ ಹಡಗು ಹತ್ತಬೇಕು ಎಂದರು. ಹತ್ತಿದರೆ ಕಥೆಯಲ್ಲಿ ಏನು ಉಳಿಯಿತು ಎಂದು ನಾನು. ಹತ್ತದಿದ್ದರೆ ಯಾರು ಉಳಿದರು ಎಂದು ಅವರು. ಧಾರಾವಾಹಿಯಲ್ಲಿ ಎಷ್ಟು ಚೆನ್ನಾಗಿ ತೋರಿಸಿದ್ದಾರೆ ಎಂದರೆ, ಯಾವುದು, ಆ ನೀಲಿ ಚಾದರ ಅಲ್ಲಾಡಿಸುವುದೇ, ಅದರ ಕೆಳಗೆ ಕಾಲು ಕಾಣುತ್ತದೆ ಎಂದರು. ಆ ಕಾಲು ಆಳದ ಜೀವಿಯದೂ ಇರಬಹುದು ಎಂದು ನಾನು ಪಟ್ಟು ಹಿಡಿದೆ. ಬೂಟು ಹಾಕಿಕೊಂಡಿತ್ತಲ್ಲ ಎಂದರು. ನಮ್ಮವರು ಅವಲಕ್ಕಿಯನ್ನು ಇನ್ನೊಮ್ಮೆ ಬಡಿಸಿಕೊಂಡರು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಮನೆಯಲ್ಲಿ ಕುಳಿತು ಹೀಗೆ ದನಿಯೇರಿಸುವುದನ್ನು ನಮ್ಮಮ್ಮ ನೋಡಿದ್ದರೆ ಏನನ್ನುತ್ತಿದ್ದಳೋ. ನಾನು ಕೈಚೀಲದಿಂದ ಪುಸ್ತಕ ತೆಗೆದು, ಬಸ್ ಟಿಕೆಟ್ ಇದ್ದ ಪುಟ ಬಿಡಿಸಿ, ಅವರ ಮುಂದೆ ಮೇಜಿನ ಮೇಲಿಟ್ಟೆ.

ಶ್ರೀಪಾದರಾಯರು ಅದನ್ನು ನೋಡಲೇ ಇಲ್ಲ. "ಗೊತ್ತದ ವೈನಿ" ಎಂದರು. "ಪುಸ್ತಕದಾಗ ಅಕಿ ಹತ್ತಂಗಿಲ್ಲ. ಅಕೀನ್ನ ಹತ್ತಿಸಿದಾಂವ ನಾ."

ಆಮೇಲೆ ಅವರು ಹೇಳಿದ್ದು ಇಷ್ಟು. ಮದುವೆಯಾದ ಹೊಸತರಲ್ಲಿ ಅವರು ಡೊಂಬಿವಲಿಯ ಸಾಲುಮನೆಗಳ ಚಾಳೊಂದರ ಒಂದು ಕೋಣೆಯಲ್ಲಿದ್ದರು. ಹೆಂಡತಿ ಇಂದಿರಾ ವಿಜಯಪುರದಿಂದ ನೇರ ಬಂದವರು. ಮರಾಠಿ ಬಾರದು, ಇಂಗ್ಲಿಷ್ ಬಾರದು, ಸುತ್ತ ಯಾರ ಪರಿಚಯವೂ ಇಲ್ಲ. ಗಂಡ ಕಾರ್ಖಾನೆಗೆ ಹೋದರೆ ಇಡೀ ದಿನ ಆಕೆ ಒಬ್ಬರೇ. ರಾಯರಿಗೆ ಆಗ ಓದುವ ಹುಚ್ಚು. ಫುಟ್‌ಪಾತಿನಲ್ಲಿ ಕೊಂಡ ಈ ಕಾದಂಬರಿಯನ್ನು ರೈಲಿನಲ್ಲಿ ಓದಿ, ಸಂಜೆ ಆಕೆ ರೊಟ್ಟಿ ಬಡಿಯುತ್ತಿರುವಾಗ ಪಕ್ಕದಲ್ಲಿ ಕುಳಿತು, ಅಂದು ಓದಿದಷ್ಟನ್ನು ವಿಜಯಪುರದ ಕನ್ನಡದಲ್ಲಿ ಹೇಳುತ್ತಿದ್ದರು. ದಿನಾ ಬಾಗಿಲು ತೆರೆಯುವಾಗಲೇ ಆಕೆ ದೀಪದಾಕಿ ಏನು ಮಾಡಿದಳು ಎಂದು ಕೇಳುತ್ತಿದ್ದರಂತೆ. ಕೊನೆಯ ಭಾಗ ಹೇಳುವ ದಿನ ಬಂತು. ಹಡಗು ಬಂತು, ಎಲ್ಲರೂ ಹತ್ತಿದರು ಎನ್ನುವಷ್ಟರಲ್ಲಿ ಇಂದಿರಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"'ಅಕಿ ಒಬ್ಬಾಕೀನ್ನ ಬಿಟ್ಟು ಹೋಗತಾರೇನು' ಅಂತ ಕೇಳಿದ್ಲು ರೀ," ಎಂದರು ರಾಯರು. "ನಾ ಅಕಿ ಮುಖಾ ನೋಡಿದೆ. ಇಡೀ ದಿನ ಆ ಖೋಲ್ಯಾಗ ಒಬ್ಬಾಕೀನs ಕೂಡತಿದ್ಲು. ನನ್ನ ಬಾಯಾಗಿಂದ ಹೌದು ಅಂತ ಬರಲಿಲ್ಲ. ಹಡಗ ತಿರುವಿದೆ."

ತಿರುವಿದ ಹಡಗನ್ನು ಆಮೇಲೆ ಕಾಪಾಡುವುದು ಸುಲಭವಾಗಿರಲಿಲ್ಲ. ಕೆಲವು ವರ್ಷಗಳ ಮೇಲೆ ಆ ಧಾರಾವಾಹಿ ಟಿವಿಯಲ್ಲೇ ಬಂತು. ಭಾಷೆ ತಿಳಿಯದಿದ್ದರೂ ಇಂದಿರಾ ತನ್ನ ಕಥೆ ಎಂದು ಬಿಡದೆ ನೋಡಿದರು, ರಾಯರು ಪಕ್ಕದಲ್ಲಿ ಕುಳಿತು ಅರ್ಥ ಹೇಳಿದರು. ಕೊನೆಯ ಕಂತಿನ ದಿನ ಹಡಗು ಬರುವ ಹೊತ್ತಿಗೆ ಅವರು ಏನು ಮಾಡಬೇಕೆಂದು ತೋಚದೆ, ಹೊರಗೆ ಹೋಗಿ ಮನೆಯ ಫ್ಯೂಸ್ ತೆಗೆದು ಪೈಜಾಮದ ಜೇಬಿಗೆ ಹಾಕಿಕೊಂಡರಂತೆ. ಚಾಳಿನಲ್ಲಿ ಎಲ್ಲರ ಮನೆಯಲ್ಲಿ ಲೈಟಿದೆ, ಇವರದೊಂದರಲ್ಲೇ ಇಲ್ಲ. ನೆರೆಯವರು ಬಂದು ಸಹಾಯ ಮಾಡಲು ಹೊರಟರೆ ಇವರು ಬೇಡವೇ ಬೇಡ ಎಂದು ಬಾಗಿಲಿಗೆ ಅಡ್ಡ ನಿಂತರಂತೆ. ಇಂದಿರಾ ಮೇಣದಬತ್ತಿ ಹಚ್ಚಿ ತಮ್ಮ ಕೆಲಸಕ್ಕೆ ಎದ್ದರು. ಮಗನಿಗೆ ಕಥೆ ಹೇಳುವಾಗೆಲ್ಲ ಹಡಗು ತಿರುಗಿ ಬಂತೆಂದೇ ಹೇಳಿದರು.

"ಅಕಿಗೆ ಗೊತ್ತಾಗಿತ್ತೋ ಏನೋ," ಎಂದರು ರಾಯರು. "ಮುಂದ ಯಾವಾಗ ಕರೆಂಟ್ ಹೋದ್ರೂ ನನ್ನ ಕಡೆ ನೋಡಿ ನಗತಿದ್ಲು."

ಸಮೀರ ಸಿನಿಮಾದಿಂದ ಬಂದ ದಿನ, ಪುಸ್ತಕದಲ್ಲಿ ಅವಳು ಹಡಗು ಹತ್ತುತ್ತಾಳೋ ಇಲ್ಲವೋ ಎಂದು ಕೇಳಿದನಂತೆ. ರಾಯರು ಮುಖ ನೋಡದೆ ಹತ್ತುತ್ತಾಳೆ ಎಂದುಬಿಟ್ಟರಂತೆ. ಈಗ ಅದನ್ನು ಅವನಿಗೆ ಹೇಗೆ ಹೇಳುವುದು ಎಂಬುದೇ ಅವರ ಚಿಂತೆ. ನಾನು ಪುಸ್ತಕವನ್ನು ಮುಚ್ಚಿ ಚೀಲಕ್ಕೆ ಹಾಕಿದೆ. ಮೈಸೂರು ಪಾಕಿನ ಡಬ್ಬಿಯನ್ನು ರಾಯರ ಕಡೆ ಸರಿಸಿದೆ. ನಮ್ಮವರೇ ಮೆಲ್ಲನೆ, ಅವಲಕ್ಕಿಗೆ ಏನು ಹಾಕಿದ್ದೀರಿ, ಇಷ್ಟು ಹದವಾಗಿದೆ ಎಂದು ಕೇಳಿದರು. ಅದೇ ಸರಿಯಾದ ಮಾತಾಗಿತ್ತು. ರಾಯರು ಮೆಂತ್ಯದ ಹಿಟ್ಟಿನ ವಿಷಯ ಹೇಳುತ್ತ ಹೇಳುತ್ತ ಸರಿಹೋದರು.

ಮನೆಗೆ ಬಂದು ಅದಿತಿಗೆ ಎಲ್ಲ ಹೇಳಿದೆ. ಫ್ಯೂಸಿನ ಪ್ರಸಂಗಕ್ಕೆ ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಬಹಳ ಹೊತ್ತು ಬಾಲ್ಕನಿಯಲ್ಲಿ ನಿಂತು ಬಂದು, "ಮುಝೇ ಸುನ್ನಾ ಹೈ," ತಾನೂ ಕೇಳಬೇಕು ಎಂದಳು. ಏನನ್ನು ಎಂದರೆ, ಅಂಕಲ್ ಹೇಳಿದ್ದನ್ನು, ಪೂರ್ತಿ, ಮೊದಲಿಂದ. ಅವಳೇ ಸಮೀರನಿಗೆ ಮೆಸೇಜ್ ಕಳಿಸಿದಳು. ಏನು ಬರೆದಳೋ ನನಗೆ ತೋರಿಸಲಿಲ್ಲ. ಉತ್ತರ ಬಂದಾಗ ಅವಳ ಮುಖ ನೋಡಿ ನಾನು ಅಡುಗೆಮನೆಗೆ ಹೋಗಿ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ.

ಮುಂದಿನ ರವಿವಾರ ಮತ್ತೆ ಡೊಂಬಿವಲಿ. ಈ ಸಲ ಮಕ್ಕಳಿಬ್ಬರೂ ಇದ್ದರು, ಸೋಫಾದ ಎರಡು ತುದಿಗಳಲ್ಲಿ. ರಾಯರು ಮೊದಲು ತಡವರಿಸಿದರು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಮರೆತಿರಬಹುದು ಎಂದರು. ಆಮೇಲೆ ಅಡುಗೆಮನೆಯ ಕಡೆಗೆ ಒಮ್ಮೆ ನೋಡಿ ಶುರುಮಾಡಿದರು. ಶುರುವಾದ ಮೇಲೆ ನೋಡಬೇಕಿತ್ತು. ಆ ಗ್ರಹದ ದಡದಲ್ಲಿ ಬಿಳಿಜೋಳ ಬೆಳೆಯುತ್ತಿತ್ತು. ದೀಪದವಳು ಮಗಳಿಗೆ ಬುತ್ತಿ ಕಟ್ಟಿಕೊಡುತ್ತಿದ್ದಳು, ರೊಟ್ಟಿ, ಶೇಂಗಾ ಚಟ್ನಿ. ಆಳದ ಜೀವಿಗೆ ಮುಖವಿರಲಿಲ್ಲ, ಆದರೆ ಅದಕ್ಕೆ ಚಟ್ನಿ ಬಹಳ ಇಷ್ಟವಾಗಿತ್ತು, ಇದು ಇಂದಿರಾ ಸೇರಿಸಿದ್ದಂತೆ. ಬತ್ತಿದ ಸಮುದ್ರ ಥೇಟ್ ವಿಜಯಪುರದ ಕಡೆಯ ಬೇಸಿಗೆಯ ಡೋಣಿ ನದಿ. ನನ್ನ ಮಗಳು, ಕನ್ನಡದಲ್ಲಿ ಕರೆದರೆ ಹಿಂದಿಯಲ್ಲಿ ಬರುವವಳು, ಬಾಯಿ ತೆರೆದು ಕೇಳುತ್ತಿದ್ದಳು. ತಿಳಿಯದ ಮಾತು ಬಂದಾಗ ಸಮೀರನ ಕಡೆ ತಿರುಗುತ್ತಿದ್ದಳು. ಅವನು ಪಿಸುದನಿಯಲ್ಲಿ ಅರ್ಥ ಹೇಳುತ್ತಿದ್ದ. ಹೇಳುವುದಕ್ಕೆ ಅನುಕೂಲವಾಗಲೆಂದು ಸೋಫಾದ ಆ ತುದಿಯಿಂದ ಸ್ವಲ್ಪ ಸ್ವಲ್ಪವೇ ಈ ಕಡೆ ಸರಿಯುತ್ತಿದ್ದ.

ಎಲ್ಲರೂ ಹಡಗು ಹತ್ತಿದರು. ರಾಯರು ನಿಲ್ಲಿಸಿದರು. ಮಗನ ಕಡೆ ನೋಡಿ, "ಸಮೀರ, ಪುಸ್ತಕ ಇಲ್ಲಿಗೆ ಮುಗೀತದಪಾ" ಎಂದರು. "ಅಕಿ ಅಲ್ಲೇ ಉಳೀತಾಳ. ಮುಂದಿಂದು ನಾ ಹೇಳಿದ್ದು, ನಿಮ್ಮವ್ವನ ಸಲುವಾಗಿ."

"ಗೊತ್ತದ ಅಪ್ಪಾ," ಎಂದ ಸಮೀರ. "ಆವತ್ತs ರೈಲಿನಾಗ ಮೊಬೈಲ್ ತಗದು ನೋಡೀನಿ."

"ಮತ್ತ ಮನಿಗೆ ಬಂದು ನನ್ನ ಯಾಕ ಕೇಳಿದಿ?"

"ನೀವು ಏನಂತೀರಿ ನೋಡೂಣಂತ. ಹತ್ತತಾಳ ಅಂದ್ರಿ. ನಾ ಮತ್ತ ಏನ ಕೇಳಲಿ?"

ತಂದೆ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಒಬ್ಬರಿಂದ ಒಬ್ಬರು ಅಡಗಿಸಿಟ್ಟದ್ದು ಒಂದೇ ವಿಷಯ ಎಂದು ಅರ್ಥವಾಗಿ ಮೊದಲು ಸಮೀರನಿಗೆ ನಗು ಬಂತು, ಆಮೇಲೆ ರಾಯರಿಗೆ. ಪುಸ್ತಕ ಓದಿಲ್ಲ ಎಂದದ್ದು ನಿಜವಾದ್ದರಿಂದಲೇ ತನಗೆ ಹೆಚ್ಚು ಸಿಟ್ಟು ಬಂತು ಎಂದು ಅವನು ಅದಿತಿಗೆ ಹೇಳಿದ. ನನಗೆ ಕಥೆ ಹೇಳಿದ್ದು ನಮ್ಮಮ್ಮ ಎಂದು ನೀನು ಅಲ್ಲೇ ಹೇಳಿದ್ದರೆ ನಾನು ನಗುತ್ತಿದ್ದೆನೇ ಎಂದು ಅವಳು ಕೇಳಿದಳು. ನೀನು ಹೇಳಲು ಬಿಟ್ಟರೆ ತಾನೇ ಎಂದ ಅವನು. ಈ ಮಾತಿಗೆ ನಮ್ಮವರು ಮೊದಲ ಬಾರಿ ಹುಡುಗನನ್ನು ಸಹಾನುಭೂತಿಯಿಂದ ನೋಡಿದ್ದನ್ನು ನಾನು ಗಮನಿಸಿದೆ.

"ಮುಂದೆ ಹೇಳಿ ಅಂಕಲ್," ಎಂದಳು ಅದಿತಿ. "ಅವಳು ಹೇಗೆ ಹತ್ತಿದಳು?"

ಪೂರ್ತಿ ಕನ್ನಡದ ವಾಕ್ಯ. ನಾನು ನಮ್ಮವರ ಕೈ ಹಿಂಡಿದೆ.

ರಾಯರು ಹೇಳಿದರು. ಹಡಗು ಗುಡ್ಡ ದಾಟಿ ಹೋಯಿತು. ಆದರೆ ಮಗಳು ಒಳಗೆ ಸುಮ್ಮನೆ ಕೂರಲಿಲ್ಲ. ಅವ್ವನನ್ನು ಬಿಟ್ಟು ಹೋಗುವ ಹಡಗು ಯಾವ ಊರಿಗೆ ಹೋದರೇನು ಎಂದು ಗದ್ದಲ ಎಬ್ಬಿಸಿದಳು. ಡ್ರೈವರ್ ತಿರುಗಿಸಿದ. ನೀರು ಮೊಳಕಾಲಿಗೆ ಬಂದಿತ್ತು, ಹಡಗಿಗೆ ನಿಲ್ಲುವಷ್ಟು ವೇಳೆಯಿರಲಿಲ್ಲ. "ಆಗ ನಮ್ಮ ಡೊಂಬಿವಲಿ ಫಾಸ್ಟ್ ಲೋಕಲ್‌ನಾಗ ಮಾಡ್ತಾರಲ್ಲ, ಹಂಗ," ಎಂದು ಅವರು ಎದ್ದು ನಿಂತು ಕೈ ಚಾಚಿ ತೋರಿಸಿದರು. "ಜಾಗಾ ಇಲ್ಲ ಅಂತ ಬೈಕೋತs ಒಳಗಿನವರು ಕೈ ಕೊಟ್ಟು ಎಳಕೊಂಡ್ರು. ಒಬ್ಬರಿಗೊಬ್ಬರು ಸರದ್ರು. ಅಕಿ ಬಂದ್ಲು."

ರಾಯರು ಮತ್ತೆ ಕುಳಿತರು. ಆಮೇಲೆ ಅದಿತಿ ತನ್ನ ತೀರ್ಪು ಕೊಟ್ಟಳು. ಪುಸ್ತಕ ಚೆನ್ನಾಗಿದೆ, ಅಂಕಲ್ ಹೇಳಿದ್ದೂ ಚೆನ್ನಾಗಿದೆ, ಸಿನಿಮಾ ಮಾತ್ರ ಬೋರ್. ಸಮೀರ ತಟ್ಟನೆ ನೆಟ್ಟಗಾದ. ಅಪ್ಪ ಹೇಳಿದ್ದನ್ನೇ ತಾನೇ ಸಿನಿಮಾದಲ್ಲಿ ತೋರಿಸಿದ್ದು, ಅದು ಹೇಗೆ ಬೋರ್ ಎಂದ. ಅದರಲ್ಲಿ ಚಟ್ನಿ ಎಲ್ಲಿದೆ ಎಂದಳು ಇವಳು. ಇಬ್ಬರೂ ಕೆಳಗೆ ವಡಾಪಾವ್ ತರಲು ಹೋದರು. ಮೆಟ್ಟಿಲಿಳಿಯುವಾಗಲೂ, ರಸ್ತೆ ದಾಟುವಾಗಲೂ ಅವರ ವಾದ ಕೇಳಿಸುತ್ತಲೇ ಇತ್ತು. ನಾನೂ ರಾಯರೂ ಕಿಟಕಿಯಲ್ಲಿ ನಿಂತು ನೋಡಿದೆವು. ವಡಾಪಾವ್ ಕೊಂಡಾದ ಮೇಲೂ ಅವರು ಅಲ್ಲೇ ನಿಂತಿದ್ದರು. ತಣ್ಣಗಾದ ವಡೆ ತಿನ್ನುತ್ತ ನಾವು ನಿಶ್ಚಯದ ದಿನ ಗೊತ್ತುಮಾಡಿದೆವು.

ನಿಶ್ಚಿತಾರ್ಥ ನೆರೂಳದಲ್ಲಿ ಚೆನ್ನಾಗಿಯೇ ಆಯಿತು. ಹೊಸ ಬೀಗರಿಗೆ ಸಿನಿಮಾ ತೋರಿಸಿಲ್ಲವಲ್ಲ ಎಂದು ಒಂದು ದಿನ ಎಲ್ಲರೂ ಸೇರಿ ಸೀವುಡ್ಸ್‌ಗೆ ಹೋದೆವು. ಮಧ್ಯಾಹ್ನದ ಊಟಕ್ಕೆ ನಮ್ಮ ಮನೆ. ಊಟಕ್ಕೆ ಕುಳಿತು ರಾಯರು ಕೈಯಲ್ಲಿ ತುತ್ತು ಹಿಡಿದುಕೊಂಡೇ, ಸಿನಿಮಾದವರು ಮಾಡಿದ್ದು ತಾವು ಹೇಳಿದ್ದಕ್ಕಿಂತ ಛಲೋ ಆಗಿದೆ ಎಂದರು. ಹಡಗು ತಿರುಗುವಾಗ ದೀಪ ತಾನಾಗಿ ಉರಿಯುವ ಹಾಗೆ ಆಕೆ ಮೊದಲೇ ಕಟ್ಟಿಟ್ಟಿರುತ್ತಾಳೆ, ಅದು ತಮಗೆ ಹೊಳೆದಿರಲಿಲ್ಲ ಎಂದರು. ನಾನು ಸಾರಿನ ಪಾತ್ರೆಯನ್ನು ಕೆಳಗಿಟ್ಟೆ.

ಹಾಗೆಲ್ಲ ಸುಲಭವಾಗಿ ಬಿಟ್ಟುಕೊಡಬಾರದು ಎಂದೆ. ನಿಮ್ಮ ಕಥೆಯ ಮುಂದೆ ಸಿನಿಮಾ ಏನೂ ಅಲ್ಲ ಎಂದೆ. ಅವರು ನಗುತ್ತ, ಕಥೆ ತಮ್ಮದೇ, ಅದರ ಕೊರತೆ ತಮಗೆ ಗೊತ್ತಿಲ್ಲವೇ ಎಂದರು. ನಿಮಗೆ ಗೊತ್ತಿಲ್ಲ ಬಿಡಿ ಎಂದುಬಿಟ್ಟೆ. ಬೀಗರಿಗೆ ಹೀಗನ್ನಬಾರದು. ಅದಿತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಆದರೆ ನಾನು ಆಗಲೇ ಅವರ ಕಥೆಯನ್ನು ಅವರಿಗೇ ಹೇಳತೊಡಗಿದ್ದೆ. ನೀರು ಏರುತ್ತಿರುತ್ತದೆ, ಹಡಗು ತಿರುಗಿ ಬರುತ್ತದೆ, ಒಳಗಿನವರು ಬೈಯುತ್ತಲೇ ಕೈ ಚಾಚುತ್ತಾರೆ. ಆಗ ದೀಪದವಳು ಒಂದು ಕ್ಷಣ ನಿಂತು, ನಾಳೆಯಿಂದ ಹಾಲು ಹಾಕಬೇಡ ಎಂದು ಹಾಲಿನವನಿಗೆ ಹೇಳಿ, ಬಾಗಿಲು ಎಳೆದು, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ನೋಡಿ, ಆಮೇಲೆ ಹತ್ತುತ್ತಾಳೆ.

"ಹಾಲಿನಾಂವನ ಮಾತು ನಾ ಹೇಳಿಲ್ಲ ವೈನಿ," ಎಂದರು ರಾಯರು.

ಹೇಳಿದ್ದೀರಿ ಎಂದೆ. ಇಲ್ಲ ಎಂದರು. ಸಮೀರನನ್ನು ಕೇಳಿದೆ, ಅವನು ತಟ್ಟೆ ನೋಡಿದ. ಅದಿತಿಯನ್ನು ಕೇಳಿದೆ, ಅವಳಿಗೆ ನಗು ತಡೆಯಲಾಗದೆ ನೀರು ಕುಡಿಯುತ್ತಿದ್ದಳು. ಕೊನೆಗೆ ನಮ್ಮವರ ಕಡೆ ತಿರುಗಿದೆ. ಇಷ್ಟು ವರ್ಷಗಳಲ್ಲಿ ಯಾವ ಪಕ್ಷವನ್ನೂ ಸೇರದ ಮನುಷ್ಯ ಮಜ್ಜಿಗೆಯ ಲೋಟ ಕೆಳಗಿಟ್ಟು, ಅದು ಇವಳದೇ ಮಾತು, ಊರಿಗೆ ಹೊರಡುವಾಗೆಲ್ಲ ಇವಳು ಹಾಲಿನವನಿಗೆ ಹೀಗೇ ಹೇಳುವುದು, ಚಿಲಕವನ್ನು ಎರಡು ಸಲ ನೋಡುವವಳೂ ಇವಳೇ ಎಂದು ಬೀಗರ ಪಕ್ಷ ಸೇರಿಕೊಂಡರು.

ಅಂದಿನಿಂದ ನಮ್ಮ ಎರಡೂ ಮನೆಗಳಲ್ಲಿ ಮೂಲಕ್ಕೆ ನಿಷ್ಠೆಯ ಬಗ್ಗೆ ಮಾತು ಬಂದಾಗ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಬೇಡ. ಲೇಡೀಸ್ ಡಬ್ಬಿಯಲ್ಲಿ ಶೋಭಾಳಿಗೂ ಅವಳ ಪಕ್ಕದವರಿಗೂ ಈ ಕಥೆಯನ್ನು ನಾನು ಹಲವು ಸಲ ಹೇಳಿದ್ದೇನೆ. ಹಾಲಿನವನನ್ನು ಇದುವರೆಗೆ ಬಿಟ್ಟಿಲ್ಲ. ಈಚೆಗೆ ಅವನಿಗೊಂದು ಹೆಸರನ್ನೂ ಇಟ್ಟಿದ್ದೇನೆ.